ರೈತರಿಗೆ ಬುದ್ಧಿ ಹೇಳುವ ಮೊದಲು ಹಣದ ದಾರಿ ನೋಡೋಣ

ಮೊನ್ನೆ ಒಂದು ಸಭೆಯಲ್ಲಿ ಸುಮಾರು ಒಂದು ಗಂಟೆ ಮಾತಾಡಿದ್ದೆ. ಕೇಳಿದವರಲ್ಲಿ ಕೆಲವರು ಅದನ್ನೇ ಬರೆದು ಕೊಡಿ ಅಂದರು. ಮಾತಿನ ಓಟವನ್ನು ಆದಷ್ಟು ಹಾಗೇ ಇಟ್ಟಿದ್ದೇನೆ. ಎರಡು ಸಲ ಹೇಳಿದ್ದನ್ನು ಒಂದು ಸಲಕ್ಕೆ ಇಳಿಸಿದ್ದೇನೆ, ಅಷ್ಟೇ.

ಎಲ್ಲರಿಗೂ ನಮಸ್ಕಾರ.

ಹವಾಮಾನ ಮತ್ತು ಕೃಷಿ ಅಂತ ಎಲ್ಲೇ ಮಾತು ಶುರುವಾದರೂ ಹತ್ತು ನಿಮಿಷದೊಳಗೆ ಒಂದು ಪ್ರಶ್ನೆ ಬಂದೇ ಬರುತ್ತದೆ. "ಇಷ್ಟೆಲ್ಲ ಗೊತ್ತಿದ್ದರೂ ರೈತರು ಯಾಕೆ ಬದಲಾಗುವುದಿಲ್ಲ?" ಕೇಳುವವರ ಮನಸ್ಸಿನಲ್ಲಿ ಕೆಟ್ಟದ್ದೇನೂ ಇರುವುದಿಲ್ಲ. ಆದರೂ ಆ ಪ್ರಶ್ನೆ ಕೇಳಿದಾಗಲೆಲ್ಲ ನನಗೆ ಸಂಕಟವಾಗುತ್ತದೆ, ಯಾಕೆಂದರೆ ಅದು ತಪ್ಪು ಬಾಗಿಲು ತಟ್ಟುವ ಪ್ರಶ್ನೆ.

ಬಿತ್ತನೆಗೆ ಒಂದು ವಾರ ಮೊದಲು ರೈತರೊಬ್ಬರ ತಲೆಯಲ್ಲಿ ಏನೇನು ಓಡುತ್ತಿರುತ್ತದೆ ಅಂತ ಯೋಚಿಸಿ ನೋಡಿ. ಬ್ಯಾಂಕು ಯಾವ ಬೆಳೆಗೆ ಸಾಲ ಕೊಡುತ್ತದೆ? ವಿಮೆ ಯಾವ ಬೆಳೆಗಿದೆ? ಕೊಯ್ಲಾದ ಮೇಲೆ ಗ್ಯಾರಂಟಿಯಾಗಿ ಯಾವ ಬೆಳೆಯನ್ನು ಕೊಳ್ಳುತ್ತಾರೆ? ಯಾವ ಗೊಬ್ಬರ ಅಗ್ಗ? ನೀರಿನ ದುಡ್ಡು ಬಳಸಿದಷ್ಟಕ್ಕೋ, ಎಕರೆ ಲೆಕ್ಕಕ್ಕೋ? ಭೂಮಿ ಸ್ವಂತದ್ದೋ ಗೇಣಿಯದ್ದೋ, ಮುಂದಿನ ವರ್ಷವೂ ಕೈಯಲ್ಲಿರುತ್ತದಾ? ಈ ಆರು ಪ್ರಶ್ನೆಗಳಲ್ಲಿ ಒಂದಕ್ಕೂ ಉತ್ತರ ಹೊಲದಲ್ಲಿಲ್ಲ. ಉತ್ತರ ಇರುವುದು ಯಾವುದೋ ಕಚೇರಿಯಲ್ಲಿ, ಯಾವುದೋ ಬಜೆಟ್ಟಿನಲ್ಲಿ, ಎಷ್ಟೋ ವರ್ಷದ ಹಿಂದೆ ಬರೆದಿಟ್ಟ ಕಾಯ್ದೆಯಲ್ಲಿ. ರೈತರು ಆ ಉತ್ತರಗಳನ್ನೆಲ್ಲ ಕೂಡಿ ಕಳೆದು ಬೀಜ ತರುತ್ತಾರೆ. ಲೆಕ್ಕ ಸರಿಯಾಗಿಯೇ ಇರುತ್ತದೆ. ಲೆಕ್ಕಕ್ಕೆ ನಾವು ಕೊಟ್ಟ ಅಂಕಿಗಳು ಸರಿಯಿಲ್ಲ.

ಹಾಗಾಗಿ ನಾನು ಇವತ್ತು ಹೇಳಬೇಕಾದ್ದು ಒಂದೇ ವಿಷಯ. ಕೃಷಿ ಹವಾಮಾನಕ್ಕೆ ಹೊಂದಿಕೊಳ್ಳಬೇಕು ಅಂದರೆ ಮೊದಲು ಸರ್ಕಾರದ ದುಡ್ಡು ಮತ್ತು ನಿಯಮ ಬದಲಾಗಬೇಕು, ಮತ್ತು ಆ ಬದಲಾವಣೆ ನಡೆಯುವ ಮಧ್ಯದ ವರ್ಷಗಳ ನಷ್ಟವನ್ನು ರೈತರ ಹೆಗಲಿಗೆ ಹಾಕಬಾರದು. ಎರಡನೆಯದನ್ನು ಬಿಟ್ಟು ಮೊದಲನೆಯದನ್ನು ಮಾಡಹೋದ ದೇಶಗಳು ಏನಾದವು ಅನ್ನುವುದಕ್ಕೆ ಉದಾಹರಣೆಗಳಿವೆ, ಹೇಳುತ್ತೇನೆ.

ಮೊದಲು ದುಡ್ಡಿನ ವಿಷಯ. 2021ರಲ್ಲಿ ವಿಶ್ವಸಂಸ್ಥೆಯ ಮೂರು ಅಂಗಗಳು, ಅಂದರೆ ಆಹಾರ ಮತ್ತು ಕೃಷಿ ಸಂಸ್ಥೆ, ಅಭಿವೃದ್ಧಿ ಕಾರ್ಯಕ್ರಮ ಮತ್ತು ಪರಿಸರ ಕಾರ್ಯಕ್ರಮ, ಸೇರಿ ಒಂದು ಲೆಕ್ಕ ಹಾಕಿದವು. ಜಗತ್ತಿನ ಸರ್ಕಾರಗಳು ರೈತರಿಗೆ ವರ್ಷಕ್ಕೆ ಸುಮಾರು 54,000 ಕೋಟಿ ಡಾಲರ್ ಬೆಂಬಲ ಕೊಡುತ್ತವೆ. ಅದರಲ್ಲಿ 87 ಶೇಕಡಾ, ಅಂದರೆ ಸುಮಾರು 47,000 ಕೋಟಿ ಡಾಲರ್, ಒಂದೋ ಬೆಲೆಯನ್ನು ಏರುಪೇರು ಮಾಡುತ್ತದೆ, ಇಲ್ಲವೇ ಪರಿಸರಕ್ಕೆ, ಜನರಿಗೆ ಹಾನಿ ಮಾಡುತ್ತದೆ. ಆಮದು ಸುಂಕ, ಟನ್ನಿಗೆ ಇಂತಿಷ್ಟು ಅಂತ ಕೊಡುವ ದುಡ್ಡು, ಗೊಬ್ಬರ ಮತ್ತು ಇಂಧನದ ರಿಯಾಯಿತಿ ಎಲ್ಲ ಇದರಲ್ಲಿ ಸೇರುತ್ತವೆ. ಜಾಸ್ತಿ ಹಾಕು, ಜಾಸ್ತಿ ಬೆಳೆ, ಅದೇ ಬೆಳೆಯನ್ನು ಮತ್ತೆ ಬೆಳೆ. ಈ ದುಡ್ಡು ರೈತರ ಕಿವಿಯಲ್ಲಿ ಪ್ರತಿ ವರ್ಷ ಹೇಳುವುದು ಇದನ್ನೇ. ಇನ್ನೊಂದು ಕಡೆಯಿಂದ ನಾವು ಒಂದು ಕರಪತ್ರ ಹಂಚಿ "ಮಣ್ಣು ಉಳಿಸಿ" ಅಂತೀವಿ. ಮಂತ್ರಕ್ಕೆ ಮಾವಿನಕಾಯಿ ಉದುರುತ್ತದಾ?

ಒಳ್ಳೆಯ ಸುದ್ದಿಯೂ ಇದರಲ್ಲೇ ಇದೆ. ಹೊಸ ದುಡ್ಡು ಎಲ್ಲಿಂದ ತರೋಣ ಅಂತ ತಲೆ ಕೆಡಿಸಿಕೊಳ್ಳಬೇಕಾಗಿಲ್ಲ. ದುಡ್ಡು ಈಗಾಗಲೇ ಹರಿಯುತ್ತಿದೆ. ಕಾಲುವೆ ತಿರುಗಿಸಬೇಕು.

ಈಗ ಒಂದು ಭತ್ತದ ಗದ್ದೆಗೆ ಇಳಿಯೋಣ. ನೀರು ನಿಂತ ಗದ್ದೆಯಲ್ಲಿ ಕಾಲಿಟ್ಟು ಕಿತ್ತರೆ ಕೆಸರಿನಿಂದ ಗುಳ್ಳೆಗಳು ಏಳುತ್ತವೆ. ಆ ಗುಳ್ಳೆಗಳಲ್ಲಿ ಭೂಮಿಯ ಬಿಸಿ ಏರಿಸುವ ಮೀಥೇನ್ ಅನಿಲ ಇರುತ್ತದೆ. ಮಣ್ಣಿನ ಮೇಲೆ ನೀರು ಸದಾ ನಿಂತಿದ್ದರೆ ಒಳಗೆ ಗಾಳಿ ಹೋಗುವುದಿಲ್ಲ, ಗಾಳಿಯಿಲ್ಲದ ಜಾಗದಲ್ಲಿ ಬದುಕುವ ಸೂಕ್ಷ್ಮಜೀವಿಗಳು ಕೊಳೆತ ಬೇರು, ಹುಲ್ಲನ್ನು ತಿಂದು ಮೀಥೇನ್ ಬಿಡುತ್ತವೆ. ಅದರಲ್ಲಿ ಜಾಸ್ತಿ ಪಾಲು ಮೇಲೆ ಬರುವುದು ಪೈರಿನ ಒಳಗಿನಿಂದಲೇ. ಬೇರಿಗೆ ಗಾಳಿ ಇಳಿಸಲು ಭತ್ತದ ಗಿಡದೊಳಗೆ ಸಣ್ಣ ಟೊಳ್ಳು ದಾರಿ ಇರುತ್ತದೆ, ಅದೇ ದಾರಿ ಹಿಡಿದು ಮೀಥೇನ್ ಹೊರಗೆ ಬರುತ್ತದೆ. ಮನುಷ್ಯರ ಕೆಲಸಗಳಿಂದ ಏಳುವ ಮೀಥೇನಿನಲ್ಲಿ ಹತ್ತಿರ ಹತ್ತಿರ ಹತ್ತರಲ್ಲಿ ಒಂದು ಪಾಲು ಗದ್ದೆಗಳದ್ದು.

ಇದಕ್ಕೆ ಮದ್ದು ಒಂದು ಪೈಪು. ಫಿಲಿಪೈನ್ಸ್‌ನಲ್ಲಿರುವ ಅಂತರರಾಷ್ಟ್ರೀಯ ಭತ್ತ ಸಂಶೋಧನಾ ಸಂಸ್ಥೆ ಇದನ್ನು ಬಹಳ ವರ್ಷಗಳಿಂದ ಹೇಳಿಕೊಡುತ್ತಿದೆ. ಒಂದು ಅಡಿ ಉದ್ದದ ಪ್ಲಾಸ್ಟಿಕ್ ಪೈಪಿನ ಸುತ್ತ ತೂತು ಕೊರೆದು ಗದ್ದೆಯಲ್ಲಿ ಅರ್ಧದಷ್ಟು ಹೂಳುತ್ತಾರೆ, ಉಳಿದದ್ದು ನೆಲದ ಮೇಲಿರುತ್ತದೆ. ಬಗ್ಗಿ ನೋಡಿದರೆ ನೆಲದೊಳಗೆ ನೀರು ಎಷ್ಟು ಕೆಳಗಿಳಿದಿದೆ ಅಂತ ಕಾಣುತ್ತದೆ. 15 ಸೆಂಟಿಮೀಟರ್ ಇಳಿಯುವವರೆಗೆ ಸುಮ್ನೆ ಬಿಡಬೇಕು, ಆಮೇಲೆ ನೀರು ಕಟ್ಟಬೇಕು. ಮೇಲ್ಮಣ್ಣು ಆರಿ ಬಿರುಕು ಬಿಟ್ಟರೂ ಬೇರಿಗೆ ಕೆಳಗೆ ನೀರು ಸಿಗುತ್ತಿರುತ್ತದೆ. ಹೂ ಬಿಡುವ ಸಮಯದಲ್ಲಿ ಮಾತ್ರ ಗದ್ದೆ ಒಣಗಲು ಬಿಡಬಾರದು. ಹೀಗೆ ಮಾಡಿದರೆ ನೀರು 30 ಶೇಕಡಾವರೆಗೂ ಉಳಿಯುತ್ತದೆ, ಮೀಥೇನ್ ಸುಮಾರು ಅರ್ಧಕ್ಕೆ ಇಳಿಯುತ್ತದೆ. ಸರಿಯಾಗಿ ಮಾಡಿದರೆ ಇಳುವರಿ ಕಡಿಮೆಯಾಗುವುದಿಲ್ಲ.

ಇಷ್ಟು ಅಗ್ಗದ, ಇಷ್ಟು ಸರಳವಾದ ಉಪಾಯ ಎಲ್ಲ ಗದ್ದೆಗಳಲ್ಲೂ ಯಾಕಿಲ್ಲ? ಇದಕ್ಕೆ ಉತ್ತರ ಸಿಕ್ಕಿದರೆ ಇಡೀ ವಿಷಯ ಅರ್ಥವಾದ ಹಾಗೆ. ಕಾಲುವೆ ನೀರಿಗೆ ಬಹಳ ಕಡೆ ಎಕರೆ ಲೆಕ್ಕದಲ್ಲಿ ಹಣ ಕಟ್ಟುತ್ತಾರೆ. ಕಡಿಮೆ ನೀರು ಬಳಸಿದರೂ ಅಷ್ಟೇ, ಜಾಸ್ತಿ ಬಳಸಿದರೂ ಅಷ್ಟೇ. ಅದಕ್ಕಿಂತ ದೊಡ್ಡದು ಭಯ. ಗೇಟಿನ ಚಾವಿ ರೈತರ ಕೈಯಲ್ಲಿಲ್ಲ. ಇವತ್ತು ನೀರು ಬಿಟ್ಟಾಗ ಕಟ್ಟಿಕೊಳ್ಳದೆ ಗದ್ದೆ ಆರಲು ಬಿಟ್ಟರೆ, ಮುಂದಿನ ವಾರ ಪೈಪು ನೋಡಿ ನೀರು ಬೇಕು ಅಂದಾಗ ಕಾಲುವೆಯಲ್ಲಿ ನೀರು ಇರುತ್ತದೆ ಅಂತ ಯಾರು ಮಾತು ಕೊಡುತ್ತಾರೆ? ಸಿಕ್ಕಾಗ ತುಂಬಿಸಿಕೊಳ್ಳುವುದೇ ಜಾಣತನ, ಅಲ್ವಾ. ಸ್ವಂತ ಡೀಸೆಲ್ ಸುಟ್ಟು ಪಂಪಿನಿಂದ ನೀರೆತ್ತುವವರು ಪೈಪನ್ನು ಬೇಗ ಒಪ್ಪುತ್ತಾರೆ, ಯಾಕೆಂದರೆ ಉಳಿದ ನೀರು ಅವರ ಜೇಬಿಗೆ ಉಳಿದ ದುಡ್ಡು. ಪಂಪಿನ ಕರೆಂಟು ಪುಕ್ಕಟೆಯಾಗಿದ್ದರೆ ಆ ಕಾರಣವೂ ಹೋಯಿತು. ಹೀಗಾಗಿ ಪೈಪು ಹಂಚುವುದರಿಂದ ಮಾತ್ರ ಕೆಲಸ ಆಗದು. ನೀರು ಬಿಡುವ ವೇಳಾಪಟ್ಟಿ ಬದಲಾಗಬೇಕು, ಹೇಳಿದ ದಿನ ನೀರು ಬರಬೇಕು, ಉಳಿಸಿದವರಿಗೆ ಏನಾದರೂ ಸಿಗಬೇಕು. ಇದು ನೀರಾವರಿ ಇಲಾಖೆಯ ಕೆಲಸ. ರೈತರ ಮನಸ್ಸು ಬದಲಿಸುವ ಕೆಲಸ ಖಂಡಿತ ಅಲ್ಲ.

ಸಾರಜನಕದ ಕಥೆಯೂ ಹೀಗೇ. ಯೂರಿಯಾದಂತಹ ಗೊಬ್ಬರದ ರೂಪದಲ್ಲಿ ಹೊಲಕ್ಕೆ ಹಾಕುವ ಸಾರಜನಕದಲ್ಲಿ ಜಗತ್ತಿನ ಸರಾಸರಿ ನೋಡಿದರೆ ಅರ್ಧಕ್ಕಿಂತ ಕಡಿಮೆ ಪಾಲು ಬೆಳೆಗೆ ಸೇರುತ್ತದೆ. ಉಳಿದದ್ದು ನೀರಿಗೆ ಇಳಿಯುತ್ತದೆ, ಗಾಳಿಗೆ ಹೋಗುತ್ತದೆ. ಗಾಳಿಗೆ ಹೋಗುವುದರಲ್ಲಿ ಒಂದು ಸಣ್ಣ ಪಾಲು ನೈಟ್ರಸ್ ಆಕ್ಸೈಡ್ ಆಗುತ್ತದೆ. ಸಣ್ಣ ಪಾಲು ಅಂತ ಬಿಡುವ ಹಾಗಿಲ್ಲ, ನೂರು ವರ್ಷದ ಲೆಕ್ಕದಲ್ಲಿ ಅದರ ಒಂದು ಕಿಲೋ 273 ಕಿಲೋ ಇಂಗಾಲದ ಡೈಆಕ್ಸೈಡಿನಷ್ಟು ಬಿಸಿ ಹಿಡಿಯುತ್ತದೆ. ಒಂದು ಗೊಬ್ಬರವನ್ನು ಮಾತ್ರ ತುಂಬಾ ಅಗ್ಗ ಮಾಡಿಟ್ಟರೆ ಜನ ಅದನ್ನೇ ಜಾಸ್ತಿ ಸುರಿಯುತ್ತಾರೆ. ಭಾರತದಲ್ಲಿ 2010ರಲ್ಲಿ ಗೊಬ್ಬರದ ಸಬ್ಸಿಡಿಯನ್ನು ಪೋಷಕಾಂಶದ ಲೆಕ್ಕಕ್ಕೆ ತಂದರು, ಆದರೆ ಯೂರಿಯಾವನ್ನು ಅದರಿಂದ ಹೊರಗಿಟ್ಟರು. ಉಳಿದ ಗೊಬ್ಬರಗಳ ಬೆಲೆ ಏರಿತು, ಯೂರಿಯಾ ಮಾತ್ರ ಅಗ್ಗವಾಗಿಯೇ ಉಳಿಯಿತು, ಬಳಕೆ ಯೂರಿಯಾ ಕಡೆಗೇ ವಾಲಿತು. ಅರ್ಧ ಸುಧಾರಣೆ ಕೆಲವೊಮ್ಮೆ ಹಳೆಯ ರೋಗವನ್ನೇ ಜಾಸ್ತಿ ಮಾಡುತ್ತದೆ.

ಹಾಗಾದರೆ ಗೊಬ್ಬರ ಕಡಿಮೆ ಮಾಡಿದರೆ ಬೆಳೆ ಬೀಳುತ್ತದಾ? ಚೀನಾದವರು ಇದನ್ನು ಬಹಳ ದೊಡ್ಡ ಮಟ್ಟದಲ್ಲಿ ಮಾಡಿ ನೋಡಿದ್ದಾರೆ. 2005ರಿಂದ 2015ರವರೆಗೆ ಸುಮಾರು 2 ಕೋಟಿ 9 ಲಕ್ಷ ಸಣ್ಣ ರೈತರ ಜೊತೆ ಕೆಲಸ ನಡೆಯಿತು. ಆಯಾ ಜಾಗದ ಮಣ್ಣಿಗೆ, ಮಳೆಗೆ ಹೊಂದುವಂತೆ ಯಾವ ತಳಿ, ಯಾವಾಗ ಬಿತ್ತನೆ, ಗೊಬ್ಬರ ಎಷ್ಟು, ಯಾವ ಹಂತದಲ್ಲಿ ಅನ್ನುವುದನ್ನು ಹೇಳಿಕೊಟ್ಟರು. ಮೆಕ್ಕೆಜೋಳ, ಭತ್ತ, ಗೋಧಿ ಮೂರರಲ್ಲೂ ಇಳುವರಿ ಸುಮಾರು 11 ಶೇಕಡಾ ಏರಿತು. ಸಾರಜನಕದ ಬಳಕೆ ಬೆಳೆಯನ್ನು ನೋಡಿಕೊಂಡು 15ರಿಂದ 18 ಶೇಕಡಾ ಇಳಿಯಿತು. ಈ ಕೆಲಸಕ್ಕೆ ಸೇರಿದ ಒಂದು ಪ್ರಯೋಗ ನನಗೆ ತುಂಬಾ ಇಷ್ಟ. 2009ರಲ್ಲಿ ಹೆಬೇ ಪ್ರಾಂತ್ಯದ ಕುಝೌ ಅನ್ನುವ ಕಡೆ ಚೀನಾ ಕೃಷಿ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳು, ಪ್ರಾಧ್ಯಾಪಕರು ಹಳ್ಳಿಯಲ್ಲೇ ಬಿಡಾರ ಹೂಡಿದರು. ವಾರಕ್ಕೊಮ್ಮೆ ಬಂದು ಭಾಷಣ ಮಾಡಿ ಹೋಗಲಿಲ್ಲ, ಅಲ್ಲೇ ಉಳಿದರು, ಅದೇ ಹೊಲದಲ್ಲಿ ಕೆಲಸ ಮಾಡಿದರು. ಪಕ್ಕದ ಮನೆಯವರು ಹೇಳಿದ ಮಾತಿಗೂ ಹೊರಗಿಂದ ಬಂದವರು ಹೇಳಿದ ಮಾತಿಗೂ ಎಷ್ಟು ವ್ಯತ್ಯಾಸ ಅಂತ ನಿಮಗೆಲ್ಲ ಗೊತ್ತು. ಕೃಷಿ ಸಲಹೆಗಾರರ ಹುದ್ದೆಗಳನ್ನು ಖಾಲಿ ಬಿಟ್ಟು, ಒಂದು ಮೊಬೈಲ್ ಆ್ಯಪ್ ಮಾಡಿ ಕೈತೊಳೆದುಕೊಳ್ಳುವ ಸರ್ಕಾರಗಳು ಇದನ್ನು ಗಮನಿಸಬೇಕು.

ಇಂಡೋನೇಷ್ಯಾದ ಕಥೆ ಇನ್ನೂ ಹಳೆಯದು. ನೀತಿಯ ಬಗ್ಗೆ ಮಾತಾಡುವಾಗ ನಾನು ಇದನ್ನು ಬಿಡುವುದೇ ಇಲ್ಲ. ಆಗ ಅಲ್ಲಿ ಕೀಟನಾಶಕದ ಬೆಲೆಯಲ್ಲಿ ಬಹುಪಾಲನ್ನು ಸರ್ಕಾರವೇ ಭರಿಸುತ್ತಿತ್ತು. ಅಗ್ಗವಾಗಿ ಸಿಗುತ್ತಿತ್ತು, ಜನ ಹೊಡೆದರು. ಕಂದು ಜಿಗಿಹುಳು ಅಂತ ಒಂದು ಪುಟ್ಟ ಹುಳು, ಭತ್ತದ ಬುಡದಲ್ಲಿ ಗುಂಪಾಗಿ ಕೂತು ರಸ ಹೀರುತ್ತದೆ. ಗದ್ದೆ ಬೆಂಕಿ ತಗುಲಿದ ಹಾಗೆ ಕಂದಾಗುತ್ತದೆ. ಮದ್ದು ಹೊಡೆದಷ್ಟೂ ಹುಳು ಜಾಸ್ತಿಯಾಯಿತು! ಕಾರಣ ಬುಡದಲ್ಲೇ ಇತ್ತು. ಜಿಗಿಹುಳು ಮೊಟ್ಟೆ ಇಡುವುದು ಎಲೆಕವಚದ ಒಳಗೆ, ಮದ್ದು ಅಲ್ಲಿಗೆ ತಲುಪುವುದಿಲ್ಲ. ಅದೇ ಬುಡದಲ್ಲಿ ಓಡಾಡುತ್ತಾ ಈ ಹುಳುವನ್ನು ಹಿಡಿದು ತಿನ್ನುವ ಜೇಡಗಳು ಮಾತ್ರ ಮೊದಲ ಸಿಂಪಡಣೆಗೇ ಸಾಯುತ್ತವೆ. ಮೊಟ್ಟೆ ಒಡೆದು ಮರಿ ಬಂದಾಗ ತಿನ್ನುವವರೇ ಇಲ್ಲ.

1986ರಲ್ಲಿ ಅಲ್ಲಿನ ಅಧ್ಯಕ್ಷರು ಒಂದು ಆದೇಶ ಹೊರಡಿಸಿ ಭತ್ತಕ್ಕೆ 57 ಕೀಟನಾಶಕಗಳನ್ನು ನಿಷೇಧಿಸಿದರು. ಸಬ್ಸಿಡಿಯನ್ನು ಹಂತ ಹಂತವಾಗಿ ಇಳಿಸಿ 1989ಕ್ಕೆ ಪೂರ್ತಿ ನಿಲ್ಲಿಸಿದರು. ಸರ್ಕಾರಕ್ಕೆ ವರ್ಷಕ್ಕೆ 10 ಕೋಟಿ ಡಾಲರಿಗೂ ಮೇಲೆ ಉಳಿಯಿತು. ಜೊತೆಗೆ ರೈತರಿಗೆ ಗದ್ದೆಯಲ್ಲೇ ಪಾಠಶಾಲೆ ಶುರುವಾಯಿತು. ವಾರಕ್ಕೊಂದು ಬೆಳಗ್ಗೆ ಇಪ್ಪತ್ತೈದು ಮೂವತ್ತು ಜನ ಗದ್ದೆಗಿಳಿದು, ಪೈರಿನ ಬುಡ ಬಿಡಿಸಿ, ಹುಳು ಎಷ್ಟು, ಜೇಡ ಎಷ್ಟು ಅಂತ ಎಣಿಸಿ, ಚಿತ್ರ ಬರೆದು, ಮದ್ದು ಬೇಕೋ ಬೇಡವೋ ಅಂತ ತಾವೇ ತೀರ್ಮಾನಿಸುತ್ತಿದ್ದರು. ಸುಮಾರು ಹತ್ತು ಲಕ್ಷ ರೈತರು ಹೀಗೆ ಕಲಿತರು. ಮದ್ದು ಇಳಿಯಿತು, ಭತ್ತದ ಉತ್ಪಾದನೆ ಇಳಿಯಲಿಲ್ಲ. ಈ ಕಥೆಯಲ್ಲಿ ನೋವಿನ ಭಾಗವೂ ಇದೆ. ಶತಮಾನದ ಕೊನೆಗೆ ಆ ಕಾರ್ಯಕ್ರಮ ಮುಗಿಯಿತು, ಮದ್ದಿನ ಮಾರಾಟ ಮತ್ತೆ ಏರಿತು, 2010ರ ಹೊತ್ತಿಗೆ ಜಿಗಿಹುಳುವಿನ ಹಾವಳಿ ಮತ್ತೆ ಬಂತು. ಹೊಸದಾಗಿ ಗದ್ದೆಗೆ ಇಳಿದವರಿಗೆ ಜೇಡ ಎಣಿಸುವುದನ್ನು ಯಾರೂ ಹೇಳಿಕೊಟ್ಟಿರಲಿಲ್ಲ.

ಇದರ ಪಕ್ಕದಲ್ಲಿ ಶ್ರೀಲಂಕಾವನ್ನು ಇಟ್ಟು ನೋಡಿ. 2021ರ ಮಧ್ಯದಲ್ಲಿ ಅಲ್ಲಿನ ಸರ್ಕಾರ ರಾಸಾಯನಿಕ ಗೊಬ್ಬರದ ಆಮದನ್ನು ಒಂದೇ ಏಟಿಗೆ ನಿಲ್ಲಿಸಿತು. ದೇಶ ಪೂರ್ತಿ ಸಾವಯವ ಆಗಬೇಕು ಅಂತ ಘೋಷಣೆ. ವಿದೇಶಿ ವಿನಿಮಯದ ಕೊರತೆಯೂ ಅದರ ಹಿಂದಿತ್ತು. ಅಷ್ಟು ಹೊಲಗಳಿಗೆ ಸಾಕಾಗುವ ಸಾವಯವ ಗೊಬ್ಬರ ದೇಶದಲ್ಲಿ ಇರಲಿಲ್ಲ, ಕಲಿಯಲು ಸಮಯ ಇರಲಿಲ್ಲ. ಭತ್ತ ಕುಸಿಯಿತು, ಚಹಾ ಕುಸಿಯಿತು, ಅಕ್ಕಿಯಲ್ಲಿ ಸ್ವಾವಲಂಬಿಯಾಗಿದ್ದ ದೇಶ ಅಕ್ಕಿ ತರಿಸಬೇಕಾಯಿತು. ನವೆಂಬರ್ ಹೊತ್ತಿಗೆ ನಿಷೇಧ ವಾಪಸ್. ನನಗೆ ಇದರಲ್ಲಿ ಅತಿ ದೊಡ್ಡ ನಷ್ಟ ಅನ್ನಿಸುವುದು ಆ ಒಂದು ಬೆಳೆಯಲ್ಲ. ಮಣ್ಣಿನ ಬಗ್ಗೆ, ಗೊಬ್ಬರ ಇಳಿಸುವ ಬಗ್ಗೆ ಯಾರು ಬಾಯಿ ತೆರೆದರೂ ಈಗ ಎದುರಿನವರು "ಶ್ರೀಲಂಕಾ ನೋಡಿಲ್ವಾ" ಅಂತಾರೆ. ಹತ್ತು ವರ್ಷದಲ್ಲಿ ಮಾಡಬೇಕಾದ್ದನ್ನು ಹತ್ತು ವಾರದಲ್ಲಿ ಮಾಡಹೊರಟಿದ್ದರಿಂದ ಆದ ಅನಾಹುತ ಅದು. ದಿಕ್ಕಿನ ತಪ್ಪು ಅಂತ ಅದನ್ನು ಓದುವುದು ಸರಿಯಲ್ಲ.

ಸಬ್ಸಿಡಿ ಕಿತ್ತರೆ ಸಾಕು, ಮಾರುಕಟ್ಟೆ ಉಳಿದದ್ದನ್ನು ನೋಡಿಕೊಳ್ಳುತ್ತದೆ ಅನ್ನುವವರೂ ಇದ್ದಾರೆ. ನ್ಯೂಜಿಲೆಂಡ್ 1984ರಿಂದ ಹಾಗೇ ಮಾಡಿತು, ಕೃಷಿ ಸಬ್ಸಿಡಿಗಳನ್ನು ಹೆಚ್ಚುಕಡಿಮೆ ಪೂರ್ತಿ ತೆಗೆಯಿತು. ಹೊಲಗಳು ಸಾಲುಸಾಲಾಗಿ ಮುಚ್ಚುತ್ತವೆ ಅಂತ ಹೆದರಿದ್ದರು, ಹಾಗಾಗಲಿಲ್ಲ. ಸಬ್ಸಿಡಿ ದುಡ್ಡಿಗೋಸ್ಕರ ಕಡಿದಾದ ಗುಡ್ಡಗಳಲ್ಲಿ ಕುರಿ ತುಂಬುವುದು ನಿಂತಿತು, 1980ರ ದಶಕದ ಶುರುವಿನಲ್ಲಿ 7 ಕೋಟಿ ಇದ್ದ ಕುರಿಗಳು ಈಗ ಅದರ ಅರ್ಧಕ್ಕಿಂತ ಕಡಿಮೆ. ಆದರೆ ಆಮೇಲೆ ಹಾಲಿಗೆ ಬೆಲೆ ಬಂತು. ಹಸುಗಳು ಹೆಚ್ಚಿದವು, ಹುಲ್ಲುಗಾವಲಿಗೆ ಸಾರಜನಕ ಸುರಿದರು, ನದಿಗಳಿಗೆ ನೈಟ್ರೇಟ್ (ಸಾರಜನಕದ ಒಂದು ರೂಪ) ಇಳಿಯಿತು. ನದಿ ಕೆಡಿಸಿದ್ದಕ್ಕೆ ಬಿಲ್ ಕೊಡುವ ವ್ಯವಸ್ಥೆ ಮಾರುಕಟ್ಟೆಯಲ್ಲಿ ಇಲ್ಲ. 2022ರಲ್ಲಿ ದನಗಳು ಹೊರಬಿಡುವ ಮೀಥೇನ್ ಮೇಲೆ ಶುಲ್ಕ ಹಾಕುವ ಪ್ರಸ್ತಾಪ ಬಂತು, ರೈತರು ಟ್ರ್ಯಾಕ್ಟರ್ ಹತ್ತಿ ಬೀದಿಗೆ ಬಂದರು, ಸರ್ಕಾರ ಬದಲಾಯಿತು, 2024ರಲ್ಲಿ ಆ ಯೋಜನೆಯನ್ನು ಕೈಬಿಟ್ಟರು. ಅದೇ ವರ್ಷ ಯುರೋಪಿನಲ್ಲೂ ಟ್ರ್ಯಾಕ್ಟರುಗಳು ಬೀದಿಗಿಳಿದವು, ಕೀಟನಾಶಕವನ್ನು ಅರ್ಧಕ್ಕೆ ಇಳಿಸುವ ಮಸೂದೆಯನ್ನು ಯುರೋಪಿಯನ್ ಆಯೋಗ ಹಿಂದಕ್ಕೆ ತೆಗೆದುಕೊಂಡಿತು.

ಅದೇ 2024ರಲ್ಲಿ ಡೆನ್ಮಾರ್ಕ್ ಮಾತ್ರ ಬೇರೆ ದಾರಿ ಹಿಡಿಯಿತು, ಅದಕ್ಕೆ ಕಾರಣ ನಲವತ್ತು ವರ್ಷ ಹಿಂದಕ್ಕಿದೆ. 1986ರ ಶರತ್ಕಾಲದಲ್ಲಿ ಅಲ್ಲಿನ ಟಿವಿಯಲ್ಲಿ ಸತ್ತ ಲಾಬ್‌ಸ್ಟರುಗಳ (ದೊಡ್ಡ ಸಮುದ್ರ ಸೀಗಡಿಗಳ) ರಾಶಿ ತೋರಿಸಿದರು. ಹೊಲಗಳಿಂದ ಹರಿದ ಸಾರಜನಕದಿಂದ ಪಾಚಿ ಬೆಳೆದು, ಅದು ಕೊಳೆತು, ಸಮುದ್ರದ ತಳದಲ್ಲಿ ಉಸಿರಾಡಲು ಆಮ್ಲಜನಕವೇ ಇಲ್ಲವಾಗಿತ್ತು. ಜನ ಬೆಚ್ಚಿಬಿದ್ದರು. ಮರುವರ್ಷವೇ ನೀರಿನ ಕ್ರಿಯಾಯೋಜನೆ ಬಂತು. ಸಗಣಿ ಗೊಬ್ಬರವನ್ನು ತಿಂಗಳುಗಟ್ಟಲೆ ಕೂಡಿಡುವ ತೊಟ್ಟಿ ಕಟ್ಟಬೇಕು, ಚಳಿಗಾಲದಲ್ಲಿ ಹೊಲಕ್ಕೆ ಹರಡಬಾರದು, ಎಷ್ಟು ಗೊಬ್ಬರ ತಂದೆ, ಎಷ್ಟು ಹಾಕಿದೆ ಅಂತ ಲೆಕ್ಕ ಕೊಡಬೇಕು. ಎರಡು ದಶಕದಲ್ಲಿ ಹೊಲದಿಂದ ಸೋರುವ ಸಾರಜನಕ ಹೆಚ್ಚುಕಡಿಮೆ ಅರ್ಧಕ್ಕೆ ಬಂತು, ಕೃಷಿ ಉತ್ಪಾದನೆ ಬೀಳಲಿಲ್ಲ. ಸಮುದ್ರ ಇನ್ನೂ ಪೂರ್ತಿ ಚೇತರಿಸಿಕೊಂಡಿಲ್ಲ, ಅದೂ ನಿಜ.

2024ರಲ್ಲಿ ಸರ್ಕಾರ, ರೈತ ಸಂಘಟನೆ, ಪರಿಸರದವರು, ಕಾರ್ಮಿಕ ಸಂಘ, ಉದ್ಯಮದವರು ಎಲ್ಲ ಒಂದೇ ಮೇಜಿನ ಸುತ್ತ ಕೂತು ಒಪ್ಪಂದ ಮಾಡಿಕೊಂಡರು. 2030ರಿಂದ ಜಾನುವಾರುಗಳಿಂದ ಏಳುವ ಮೀಥೇನಿನಂತಹ ಅನಿಲಗಳಿಗೆ ತೆರಿಗೆ. ಟನ್ನಿಗೆ 300 ಕ್ರೋನರ್ (ಡೆನ್ಮಾರ್ಕಿನ ಹಣ), 2035ಕ್ಕೆ 750. ಆದರೆ 60 ಶೇಕಡಾ ವಿನಾಯಿತಿ ಇರುವುದರಿಂದ ನಿಜವಾಗಿ ಬೀಳುವುದು 120, ಆಮೇಲೆ 300. ಮೊದಲ ವರ್ಷಗಳಲ್ಲಿ ಬಂದ ತೆರಿಗೆ ಹಣ ಕೃಷಿಯ ಬದಲಾವಣೆಗೇ ವಾಪಸ್ ಹೋಗುತ್ತದೆ. ಇದು ತುಂಬಾ ಮೆತ್ತಗಾಯಿತು ಅಂತ ಕೆಲವರು ಬೈಯುತ್ತಾರೆ. ನನಗೆ ಮಾತ್ರ ಇದರಲ್ಲಿ ಕಲಿಯುವುದು ತುಂಬಾ ಇದೆ ಅನ್ನಿಸುತ್ತದೆ. ದಿನಾಂಕ ಆರು ವರ್ಷ ಮೊದಲೇ ಹೇಳಿದರು, ದರ ಮೊದಲೇ ಹೇಳಿದರು, ದುಡ್ಡು ಎಲ್ಲಿ ಹೋಗುತ್ತದೆ ಅಂತಲೂ ಹೇಳಿದರು. ರೈತರಿಗೆ ಬೇಕಾದ್ದು ಬಹುಪಾಲು ಇದೇ.

ದುಡ್ಡೇ ಬೇಡದ ಸುಧಾರಣೆಗಳೂ ಇವೆ. ನೈಜರ್ ದೇಶ, ಸಹಾರಾ ಮರುಭೂಮಿಯ ಅಂಚು. ವಸಾಹತು ಕಾಲದಿಂದ ಅಲ್ಲಿ ಮರಗಳೆಲ್ಲ ಸರ್ಕಾರದ್ದು ಅಂತ ಕಾನೂನು. ನಿಮ್ಮ ಹೊಲದಲ್ಲಿ ನೀವು ಬೆಳೆಸಿದ ಮರದ ಕೊಂಬೆ ಕಡಿದರೂ ದಂಡ. ಹಾಗಿದ್ದಾಗ ಮೊಳಕೆ ಕಂಡರೆ ಯಾರು ಉಳಿಸುತ್ತಾರೆ? ಸಣ್ಣದಿರುವಾಗಲೇ ಕಿತ್ತು ಹಾಕುತ್ತಿದ್ದರು. 1980ರ ದಶಕದಲ್ಲಿ ಅಲ್ಲಿ ಕೆಲಸ ಮಾಡುತ್ತಿದ್ದ ಆಸ್ಟ್ರೇಲಿಯಾದ ಕೃಷಿ ತಜ್ಞ ಟೋನಿ ರಿನೌಡೊ ಅನ್ನುವವರು ವರ್ಷಗಟ್ಟಲೆ ಸಸಿ ನೆಟ್ಟು ಸೋತಿದ್ದರು, ಬಹುಪಾಲು ಸಸಿಗಳು ಒಣಗಿ ಹೋಗುತ್ತಿದ್ದವು. ಒಂದು ದಿನ ಅವರ ಕಣ್ಣಿಗೆ ಹೊಲದ ನಡುವಿನ ಒಂದು ಕುರುಚಲು ಬಿತ್ತು. ಬಗ್ಗಿ ನೋಡಿದರೆ ಅದು ಪೊದೆಯಲ್ಲ, ಕಡಿದ ಮರದ ಬೊಡ್ಡೆ ಚಿಗುರಿದ್ದು. ನೆಲದಡಿ ಬೇರು ಬದುಕಿತ್ತು. ಎರಡು ಮೂರು ಚಿಗುರು ಉಳಿಸಿ ಉಳಿದದ್ದು ಸವರಿದರೆ ಸಾಕು, ಮರ ತಾನಾಗಿ ಏಳುತ್ತದೆ.

ಚಿಗುರು ಸವರುವ ಕಲೆ ಕಲಿಸಿದ್ದು ಅರ್ಧ ಕೆಲಸ. ಉಳಿಸಿದ ಮರ ನಿಮ್ಮದೇ, ಕೊಂಬೆ ಕಡಿದರೆ ದಂಡ ಹಾಕುವುದಿಲ್ಲ ಅಂತ ಅರಣ್ಯದವರು ಒಪ್ಪಿದ್ದು ಇನ್ನರ್ಧ. ಆಮೇಲೆ ಹೊಲದಿಂದ ಹೊಲಕ್ಕೆ ಇದು ಹಬ್ಬಿತು. ಸುಮಾರು 50 ಲಕ್ಷ ಹೆಕ್ಟೇರಿನಲ್ಲಿ, ಅಂದಾಜು 20 ಕೋಟಿ ಮರಗಳು. ಅಲ್ಲಿನ ಗಾವೋ ಅನ್ನುವ ಮರ ಮಳೆಗಾಲದಲ್ಲಿ ಎಲೆ ಉದುರಿಸುತ್ತದೆ. ಕೆಳಗಿನ ಸಜ್ಜೆಗೆ ನೆರಳು ಬೀಳುವುದಿಲ್ಲ, ಉದುರಿದ ಎಲೆ ಗೊಬ್ಬರವಾಗುತ್ತದೆ. ಬೇಸಿಗೆಯಲ್ಲಿ ಎಲೆ ಹೊತ್ತು ನಿಂತು ದನಕ್ಕೆ ನೆರಳು, ಮೇವು. ಇಷ್ಟು ಒಳ್ಳೆಯ ಮರವನ್ನು ಒಂದು ಕಾಗದದ ಸಾಲು ಎಷ್ಟೋ ದಶಕ ಹೊಲದಿಂದ ಹೊರಗಿಟ್ಟಿತ್ತು.

ಗೇಣಿದಾರರ ವಿಷಯದಲ್ಲೂ, ಹೆಸರಿಗೆ ಭೂಮಿ ಇಲ್ಲದೆ ದಿನವೆಲ್ಲ ಹೊಲದಲ್ಲಿ ದುಡಿಯುವ ಹೆಂಗಸರ ವಿಷಯದಲ್ಲೂ ಇದೇ ಆಗುತ್ತಿದೆ. ಮಣ್ಣು ಸರಿಹೋಗಲು ನಾಲ್ಕೈದು ವರ್ಷ ಬೇಕು. ಮುಂದಿನ ವರ್ಷ ಭೂಮಿ ಕೈಯಲ್ಲಿರುತ್ತದೋ ಇಲ್ಲವೋ ಗೊತ್ತಿಲ್ಲದವರು ಮಣ್ಣಿಗೆ ಯಾಕೆ ದುಡಿಯುತ್ತಾರೆ? ಸಹಾಯಧನದ ಅರ್ಜಿಗೆ ಪಹಣಿ ಬೇಕು ಅಂದ ಕೂಡಲೇ ಇವರೆಲ್ಲ ಹೊರಗೆ. ಜಗತ್ತಿನ ಸುಮಾರು 60 ಕೋಟಿ ಹಿಡುವಳಿಗಳಲ್ಲಿ ನೂರಕ್ಕೆ 84 ಎರಡು ಹೆಕ್ಟೇರಿಗಿಂತ ಸಣ್ಣವು. ನಲವತ್ತು ಪುಟದ ಅರ್ಜಿ, ಉಪಗ್ರಹ ನಕ್ಷೆ, ಲೆಕ್ಕಪರಿಶೋಧಕರ ಸಹಿ ಕೇಳುವ ಯೋಜನೆ ಈ ಮಂದಿಗೆ ತಲುಪುವುದೇ ಇಲ್ಲ. ಗಾಳಿಯ ಇಂಗಾಲವನ್ನು ಮಣ್ಣಿನಲ್ಲಿ ಕೂಡಿಟ್ಟದ್ದಕ್ಕೆ ಟನ್ ಲೆಕ್ಕದಲ್ಲಿ ದುಡ್ಡು ಕೊಡುವ ಯೋಜನೆಗಳ ಬಗ್ಗೆ ನನಗೆ ಅನುಮಾನ ಇರುವುದೂ ಇದಕ್ಕೇ. ಒಂದೇ ಹೊಲದಲ್ಲಿ ಹತ್ತು ಹೆಜ್ಜೆಗೆ ಇಂಗಾಲದ ಅಳತೆ ಬದಲಾಗುತ್ತದೆ, ಒಂದು ಸಲ ಆಳವಾಗಿ ಉತ್ತರೆ ಕೂಡಿದ್ದು ಹೋಗುತ್ತದೆ, ಅಳೆಯುವ ಖರ್ಚೇ ಸಣ್ಣ ರೈತರ ಪಾಲನ್ನು ನುಂಗುತ್ತದೆ. ಅದರ ಬದಲು ಕಣ್ಣಿಗೆ ಕಾಣುವ ಕೆಲಸಕ್ಕೆ ದುಡ್ಡು ಕೊಡಿ. ಬದುವಿನಲ್ಲಿ ಮರ ಇದೆಯಾ, ಎರಡು ಬೆಳೆ ನಡುವೆ ನೆಲ ಬರಿದಾಗಿಲ್ಲವಾ, ದ್ವಿದಳ ಬೆಳೆ ಬಂತಾ. ಇದನ್ನು ಯಾರು ಬೇಕಾದರೂ ಹೋಗಿ ನೋಡಬಹುದು.

ಒಂದು ಎಚ್ಚರಿಕೆ. ಒಂದು ಕಡೆ ಒತ್ತಿದರೆ ಇನ್ನೊಂದು ಕಡೆ ಉಬ್ಬುತ್ತದೆ. ಪಂಜಾಬಿನಲ್ಲಿ ಅಂತರ್ಜಲ ಉಳಿಸಲು 2009ರಲ್ಲಿ ಕಾಯ್ದೆ ಮಾಡಿ ಭತ್ತದ ನಾಟಿಯನ್ನು ಮಳೆ ಹತ್ತಿರ ಬರುವವರೆಗೆ ಮುಂದಕ್ಕೆ ಹಾಕಿದರು. ಉದ್ದೇಶ ಒಳ್ಳೆಯದೇ. ಆದರೆ ಕೊಯ್ಲೂ ಮುಂದಕ್ಕೆ ಹೋಯಿತು, ಗೋಧಿ ಬಿತ್ತಲು ಉಳಿದದ್ದು ಎರಡು ಮೂರು ವಾರ, ಕೂಳೆ ತೆಗೆಯಲು ಪುರುಸೊತ್ತಿಲ್ಲದೆ ಬೆಂಕಿ ಹಚ್ಚುವುದು ಗಾಳಿ ನಿಂತ ನವೆಂಬರಿಗೆ ಬಂತು. ಹೊಗೆಗೆ ಈಗ ರೈತರಿಗೆ ದಂಡ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದ ಹಾಗಾಯಿತು. ಭತ್ತ, ಗೋಧಿ ಎರಡಕ್ಕೇ ಖಚಿತ ಖರೀದಿ ಇರುವವರೆಗೆ ಅಲ್ಲಿ ಬೇರೆ ಬೆಳೆ ಹೇಗೆ ಬರುತ್ತದೆ ಹೇಳಿ.

ಖರೀದಿ ಅಂದಾಗ ಬ್ರೆಜಿಲ್ ನೆನಪಾಗುತ್ತದೆ. ಶಾಲಾ ಊಟಕ್ಕೆ ಕೇಂದ್ರ ಸರ್ಕಾರ ಕೊಡುವ ಹಣದಲ್ಲಿ ಕನಿಷ್ಠ 30 ಶೇಕಡಾ ಸಣ್ಣ ಕುಟುಂಬ ಕೃಷಿಕರಿಂದ ಕೊಳ್ಳಲು ಖರ್ಚಾಗಬೇಕು ಅಂತ 2009ರಲ್ಲಿ ಕಾನೂನು ಮಾಡಿದರು. ಸಾವಯವವಾಗಿ ಬೆಳೆದದ್ದಕ್ಕೆ ಬೆಲೆ ಸ್ವಲ್ಪ ಜಾಸ್ತಿ ಕೊಡಬಹುದು. ತರಕಾರಿ, ಕಾಳು, ಹಣ್ಣು ಬೆಳೆದರೂ ಕೊಳ್ಳುವವರು ಇದ್ದಾರೆ ಅಂತಾಯಿತು. ಹೊಲದಲ್ಲಿ ಬೆಳೆಗಳ ಸಂಖ್ಯೆ ಹೆಚ್ಚಬೇಕಾದರೆ ಖರೀದಿ ಪಟ್ಟಿಯಲ್ಲೂ ಹೆಚ್ಚಬೇಕು.

ಇನ್ನು ನಾನು ತುಂಬಾ ಒತ್ತಿ ಹೇಳಬೇಕಾದ್ದು ಆ ಮಧ್ಯದ ವರ್ಷಗಳ ವಿಷಯ. ಹಳೆಯ ಪದ್ಧತಿ ಬಿಟ್ಟು ಹೊಸದಕ್ಕೆ ಹೊರಳುವಾಗ ಮೊದಲ ಎರಡು ಮೂರು ವರ್ಷ ಇಳುವರಿ ಅಲುಗಾಡಬಹುದು. ಮಣ್ಣಿನ ಜೀವ ಇನ್ನೂ ವಾಪಸ್ ಬಂದಿರುವುದಿಲ್ಲ, ಕಳೆ ಜಾಸ್ತಿ, ಕೈಗೂ ಹೊಸ ಕೆಲಸ ಒಗ್ಗಿರುವುದಿಲ್ಲ. ಲಾಭ ಬರುವುದು ನಂತರ. ಆದರೆ ಸಾಲದ ಕಂತು ಮೊದಲ ವರ್ಷವೇ ಬರುತ್ತದೆ. ಆ ಗುಂಡಿ ದಾಟಿಸುವುದು ಸರ್ಕಾರದ ಕೆಲಸ. ಹಳೆಯ ಸಬ್ಸಿಡಿ ಇಳಿಸುವ ಮೊದಲು ಹೊಸ ನೆರವು ಕೈಗೆ ಬಂದಿರಬೇಕು. ವಿಮೆ ಮಿಶ್ರ ಬೆಳೆಗೂ ಸಿಗಬೇಕು. ಗದ್ದೆ ಆರಲು ಬಿಟ್ಟು, ಗೊಬ್ಬರ ಇಳಿಸಿ ಇಳುವರಿ ಬಿದ್ದರೆ ಆ ವ್ಯತ್ಯಾಸ ತುಂಬಿಕೊಡುವ ಭರವಸೆ ಕಾಗದದ ಮೇಲೆ ಇರಬೇಕು. ಗಾಳಿ, ನೀರು ಶುದ್ಧವಾದರೆ ಅದರ ಲಾಭ ಎಲ್ಲರಿಗೂ, ನಷ್ಟ ಮಾತ್ರ ಒಂದು ಮನೆಗೆ ಅಂದರೆ ಅದು ನ್ಯಾಯವಲ್ಲ.

ಮಾತು ಮುಗಿದ ಮೇಲೆ ಪ್ರಶ್ನೆಗಳು ಬಂದವು. ಎರಡನ್ನು ಇಲ್ಲಿ ಹಾಕುತ್ತೇನೆ.

ಒಬ್ಬ ಯುವತಿ ಕೇಳಿದರು, "ಹಾಗಾದರೆ ಎಲ್ಲರೂ ಸಾವಯವಕ್ಕೆ ಹೋಗಬೇಕು ಅಂತೀರಾ?" ಇಲ್ಲ ಅಂದೆ. ಎಲ್ಲೆಲ್ಲಿ ಸಗಣಿ, ಹಸಿರು ಗೊಬ್ಬರ, ಕೈಗಳು, ಮಾರುಕಟ್ಟೆ ಇವೆಯೋ ಅಲ್ಲಿ ಖಂಡಿತ. ಆಫ್ರಿಕಾದ ಎಷ್ಟೋ ಹೊಲಗಳಿಗೆ ಇವತ್ತು ಗೊಬ್ಬರ ಕಡಿಮೆಯಾಗಿ ಮಣ್ಣು ಬರಿದಾಗುತ್ತಿದೆ, ಅವರಿಗೆ ಸ್ವಲ್ಪ ಜಾಸ್ತಿಯೇ ಬೇಕು. ಮಿತಿಮೀರಿ ಸುರಿಯುವ ಕಡೆ ಇಳಿಯಬೇಕು. ಒಂದೇ ಆದೇಶ ಎರಡೂ ಕಡೆ ಹೊಂದುವುದಿಲ್ಲ.

ಹಿಂದಿನ ಸಾಲಿನಲ್ಲಿದ್ದ ಹಿರಿಯರೊಬ್ಬರು ಕೊನೆಗೆ ಎದ್ದರು. ತಾವು ಬೇಸಾಯ ಮಾಡುವವರು ಅಂದರು. ಅವರ ಪ್ರಶ್ನೆ ಒಂದೇ ಸಾಲಿನದು. "ಈ ದುಡ್ಡು ಎಷ್ಟು ವರ್ಷ ಬರ್ತದೆ?"

ಆ ಸಭೆಯಲ್ಲಿ ಅದಕ್ಕಿಂತ ಒಳ್ಳೆಯ ಪ್ರಶ್ನೆ ಬರಲಿಲ್ಲ. ಯುರೋಪಿನ ಕೃಷಿ ಬಜೆಟ್ ಏಳು ವರ್ಷಕ್ಕೊಮ್ಮೆ ಬದಲಾಗುತ್ತದೆ, ಬಹಳ ದೇಶಗಳಲ್ಲಿ ಯೋಜನೆಗಳ ಆಯಸ್ಸು ಮುಂದಿನ ಚುನಾವಣೆವರೆಗೆ. ಬದುವಿನ ಮರ ಫಲ ಕೊಡಲು ಅದಕ್ಕಿಂತ ಜಾಸ್ತಿ ವರ್ಷ ತೆಗೆದುಕೊಳ್ಳುತ್ತದೆ. ಹತ್ತು ಹದಿನೈದು ವರ್ಷಕ್ಕೆ ಬರೆದುಕೊಟ್ಟ ಕರಾರು ಆಗಬೇಕು, ಸರ್ಕಾರ ಬದಲಾದರೂ ಅದು ನಿಲ್ಲಬಾರದು, ಅಂತಹ ಕರಾರು ಕೈಗೆ ಬರುವವರೆಗೆ ನಿಮ್ಮ ಪೂರ್ತಿ ಹೊಲವನ್ನು ಬದಲಿಸಬೇಡಿ, ಒಂದು ಮೂಲೆಯಲ್ಲಿ ಮಾಡಿ ನೋಡಿ ಅಂತ ಹೇಳಿದೆ. ಅವರು ತಲೆಯಾಡಿಸಿ, ಒಂದು ಮೂಲೆಯಲ್ಲಿ ಆಗಲೇ ಶುರು ಮಾಡಿದ್ದೇನೆ ಅಂದರು.